ಕಾಡುಹಂದಿಗೆ ಗುಂಡು ಹಾರಿಸುವ ಅನುಮತಿ ಯಾರಿಗೆ, ಯಾವಾಗ? ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಅರಣ್ಯ ಸಚಿವರಿಗೆ ಹಾಗೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ,

ಸನ್ಮಾನ್ಯರೇ,

ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯಲ್ಲಿ ಅಡಿಕೆ ತೋಟ ಮತ್ತು ಅದಕ್ಕೆ ತಾಗಿದ ಭತ್ತದ ಗದ್ದೆ ಮಾಡಿಕೊಂಡಿರುವ ಕೃಷಿಕ ನಾನು. ಕಾಡುಹಂದಿಯಿಂದ ಬೆಳೆ ಉಳಿಸಿಕೊಳ್ಳಲು ಕಾನೂನು ಕೊಟ್ಟಿರುವ ಅವಕಾಶ ನಮ್ಮ ಕಡೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಸಿಕ್ಕರೂ ಯಾವ ಹೊತ್ತಿಗೆ ಸಿಗುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಇದು ನನ್ನೊಬ್ಬನ ಗದ್ದೆಯ ವಿಷಯವಾಗಿದ್ದರೆ ಇನ್ನೊಂದು ಅರ್ಜಿ ಹಾಕಿ ಸುಮ್ಮನಿರುತ್ತಿದ್ದೆ. ಆದರೆ ಇಂತಹ ಅರ್ಜಿಗಳೆಲ್ಲ ಒಂದೊಂದು ಕಡತವಾಗಿ ಮುಗಿದುಹೋಗುತ್ತವೆ; ಅವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಕಾಣುವ ದೋಷ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಅದಕ್ಕಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಶಿಕಾರಿಯ ಹಕ್ಕನ್ನು ಮರಳಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಈ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ಪ್ರಾಂತ್ಯದ, ಆಮೇಲೆ ಮುಂಬೈ ರಾಜ್ಯದ ಆಡಳಿತದಲ್ಲಿತ್ತು, ಬೇಟೆಗೆ ಪರವಾನಗಿ ಕೊಡುವ ಪದ್ಧತಿ ಆಗಲೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಅದರಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬೇರೆ ಬೇರೆ ಪರವಾನಗಿಗಳಿಗೆ ಅವಕಾಶವಿತ್ತು; ಶುಲ್ಕ ಕಟ್ಟಿದವನಿಗೆ ಪ್ರಾಣಿ ಹಂಚಿಕೆಯಾಗುತ್ತಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಮುಚ್ಚಿದ್ದು ಸರಿಯೆಂದೇ ನಾನು ನಂಬಿದವನು. ನಮ್ಮ ಬೆಟ್ಟಗಳಲ್ಲಿ ಕಡವೆ, ಕಾಡುಕುರಿ, ಬರಿಂಕಗಳು (ಮೊಲದಷ್ಟು ಚಿಕ್ಕ ಜಿಂಕೆಯಂಥ ಪ್ರಾಣಿ) ಇನ್ನೂ ಉಳಿದಿದ್ದರೆ ಅದಕ್ಕೆ ಆ ತಿದ್ದುಪಡಿಯೂ ಒಂದು ಕಾರಣ. ಹಾಗೆಂದು 1991ರ ನಂತರ ಗುಂಡು ಹಾರಿಸುವ ಅನುಮತಿ ಪೂರ್ತಿ ನಿಂತುಹೋಯಿತು ಎಂದಲ್ಲ. ಬೆಳೆಗೆ, ಜೀವಕ್ಕೆ ಅಪಾಯ ಬಂದಾಗ ಕೊಡಬೇಕಾದ ಅನುಮತಿ 11ನೇ ಕಲಮಿನಲ್ಲಿ ಉಳಿದುಕೊಂಡಿದೆ. ನನ್ನ ತಕರಾರೆಲ್ಲ ಆ ಒಂದು ಕಲಮನ್ನು ಜಾರಿ ಮಾಡುತ್ತಿರುವ ರೀತಿಯ ಮೇಲೆ.

ಹಾವಳಿಯೆಂದರೆ ಏನು ಎಂಬುದನ್ನು ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಊಹಿಸುವುದು ಕಷ್ಟವಾದ್ದರಿಂದ ನೋಡಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ ಗದ್ದೆಗೆ ಇಳಿಯುತ್ತದೆ. ತೆನೆಯನ್ನು ಬಾಯಿತುಂಬ ಎಳೆದುಕೊಂಡು ಅಗಿದು, ರಸ ನುಂಗಿ, ಸಿಪ್ಪೆಯ ಉಂಡೆಯನ್ನು ಅಲ್ಲಲ್ಲೇ ಉಗುಳಿ ಮುಂದೆ ಹೋಗುತ್ತದೆ. ಬೆಳಿಗ್ಗೆ ಗದ್ದೆಯ ಅಂಚಿಗೆ ಹೋದವನಿಗೆ ಮೊದಲು ಕಾಣುವುದು ಕೆಸರಿನಲ್ಲಿ ಬಿದ್ದ ಆ ಉಂಡೆಗಳು. ತಿಂದದ್ದಕ್ಕಿಂತ ಹೊರಳಾಡಿ ಕೆಡಿಸಿದ್ದೇ ಹೆಚ್ಚು. ನೆಲಕ್ಕೊರಗಿದ ಪೈರು ಕೊಳೆಯುತ್ತದೆ, ಕೆಸರು ಹಿಡಿದ ಹುಲ್ಲನ್ನು ದನವೂ ಮುಟ್ಟುವುದಿಲ್ಲ. ಗದ್ದೆಯ ಕೆಲಸ ಮುಗಿದ ಮೇಲೆ ಹಂದಿಯ ಸವಾರಿ ತೋಟಕ್ಕೆ. ಹುಳ ಹುಡುಕುತ್ತ ಅಡಿಕೆ ಸಸಿಯ ಬುಡ ಬಗೆಯುತ್ತದೆ, ಬಾಳೆಯ ಗಡ್ಡೆ ಕೀಳುತ್ತದೆ, ಮೈ ತುರಿಸಿಕೊಂಡ ಅಡಿಕೆ ಮರದ ಮೇಲೆ ಮೊಣಕಾಲೆತ್ತರಕ್ಕೆ ಕೆಸರು, ಕೆಸರಿನಲ್ಲಿ ಅಂಟಿದ ಒರಟು ಕೂದಲು. ಜೋಯಿಡಾದ ಕುಣಬಿ ಕುಟುಂಬಗಳಿಗೆ ಇದೇ ಹಂದಿ ಗೆಡ್ಡೆಗೆಣಸಿನ ಶತ್ರು, ಹಳಿಯಾಳದವರಿಗೆ ಕಬ್ಬಿನದು, ಕರಾವಳಿಯಲ್ಲಿ ಭತ್ತ ಕೊಯ್ದ ಮೇಲೆ ಶೇಂಗಾ ಹಾಕುವವರಿಗೆ ಶೇಂಗಾದ್ದು.

ಅಗಳ (ಕಂದಕ) ತೋಡಿದ್ದೇವೆ, ಸೌರಬೇಲಿ ಹಾಕಿದ್ದೇವೆ, ಮಾಳ (ಕಾವಲಿನ ಅಟ್ಟಣೆ) ಕಟ್ಟಿ ರಾತ್ರಿಯಿಡೀ ಡಬ್ಬಿ ಬಡಿದಿದ್ದೇವೆ. ಮಾಳ ಕಾಯಲು ಹಿಂದೆ ಊರಿನಲ್ಲಿ ಹುಡುಗರಿದ್ದರು. ಈಗ ಅವರು ಬೆಂಗಳೂರಿನಲ್ಲಿದ್ದಾರೆ, ಉಳಿದವರು ಅರವತ್ತು ದಾಟಿದ ನಾವು. ಸೌರಬೇಲಿಯ ತಂತಿಗೆ ಮಳೆಗಾಲದಲ್ಲಿ ಬಳ್ಳಿ ಹಬ್ಬಿ ವಿದ್ಯುತ್ತು ನೆಲಕ್ಕಿಳಿದರೆ ಹಂದಿಗೆ ಅದು ಬರಿಯ ತಂತಿ. ಕಾದು ಸೋತವರು ಗದ್ದೆಯನ್ನೇ ಬೀಳು ಬಿಟ್ಟಿದ್ದಾರೆ, ಬೀಳು ಬಿದ್ದ ಗದ್ದೆಯಲ್ಲಿ ಆಳೆತ್ತರ ಗಿಡಗಂಟಿ ಬೆಳೆದು, ಮೊದಲು ದೂರದ ಕಾಡಿನಿಂದ ಬರುತ್ತಿದ್ದ ಹಂದಿ ಈಗ ಅಲ್ಲಿಯೇ ಮರಿ ಹಾಕುತ್ತಿದೆ. ಹೀಗೆ ಒಬ್ಬನು ಬೇಸಾಯ ಬಿಟ್ಟರೆ ಪಕ್ಕದವನ ಬೇಸಾಯಕ್ಕೆ ಕುತ್ತು ಬರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ತಮಗೆ ತಿಳಿಸುವುದು ಅಧಿಕಪ್ರಸಂಗವಾದೀತು, ಆದರೂ ಓದುವ ರೈತರಿಗಾಗಿ ಬರೆಯುತ್ತೇನೆ. ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಎಂಬುದನ್ನು ವನ್ಯಜೀವಿ ಕಾಯ್ದೆಯ ಅನುಸೂಚಿಗಳು, ಅಂದರೆ ಪಟ್ಟಿಗಳು, ಹೇಳುತ್ತವೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಎರಡನೇ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ, ಯಾವುದೇ ಜಮೀನಿನಲ್ಲಿ ನಿಂತಿರುವ ಬೆಳೆಯೂ ಸೇರಿದಂತೆ, ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗೆ ಮನವರಿಕೆಯಾದರೆ, ಕಾರಣಗಳನ್ನು ಬರೆದು, ಆ ಪ್ರಾಣಿಯನ್ನು ಅಥವಾ ಅಂತಹ ಪ್ರಾಣಿಗಳ ಗುಂಪನ್ನು ಗೊತ್ತುಪಡಿಸಿದ ಪ್ರದೇಶದಲ್ಲಿ ಬೇಟೆಯಾಡಲು ಯಾವುದೇ ವ್ಯಕ್ತಿಗೆ ಅನುಮತಿ ಕೊಡಬಹುದು, ಇಲ್ಲವೇ ತಾವೇ ಬೇಟೆ ಮಾಡಿಸಬಹುದು. ಇದು 11(1)(ಬಿ) ಕಲಮಿನ ಸಾರಾಂಶ. ಕಾಡುಕೋಣ, ನವಿಲುಗಳಿಗೆ ಇದು ಅನ್ವಯಿಸುವುದಿಲ್ಲ. ಅವು ಹೆಚ್ಚಿನ ರಕ್ಷಣೆಯುಳ್ಳ ಒಂದನೇ ಅನುಸೂಚಿಯವು, ಅವುಗಳ ವಿಷಯವನ್ನು ನಾನು ಇಲ್ಲಿ ಎತ್ತುವುದೂ ಇಲ್ಲ. ಹಂದಿಯ ಮಟ್ಟಿಗೆ ಕಲಮು ಎಷ್ಟು ವಿಶಾಲವಾಗಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಯಾವುದೇ ಜಮೀನು, ಯಾವುದೇ ವ್ಯಕ್ತಿ, ಒಂದು ಪ್ರಾಣಿ ಅಥವಾ ಗುಂಪು, ಗೊತ್ತುಪಡಿಸಿದ ಪ್ರದೇಶ. ಪಹಣಿ ಯಾರ ಹೆಸರಿನಲ್ಲಿದೆ, ಅರ್ಜಿದಾರನ ಬಳಿ ಕೋವಿ ಇದೆಯೇ ಎಂಬ ಪ್ರಶ್ನೆಯೇ ಅದರಲ್ಲಿಲ್ಲ.

ಆ ಪ್ರಶ್ನೆಗಳು ಹುಟ್ಟುವುದು ಕಚೇರಿಯಲ್ಲಿ. ಕಳೆದ ಹಂಗಾಮಿನಲ್ಲಿ ನಮ್ಮ ಊರಿನ ನಾಲ್ಕಾರು ಮನೆಯವರು ಕೂಡಿ ಅನುಮತಿಗಾಗಿ ಅರ್ಜಿ ಕೊಟ್ಟೆವು. ಕಚೇರಿಯ ಹೆಸರು ಬರೆಯುವುದಿಲ್ಲ, ಅಲ್ಲಿಯ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ನಮ್ಮೊಡನೆ ಮರ್ಯಾದೆಯಿಂದಲೇ ನಡೆದುಕೊಂಡರು. ಕೂಡಿ ಕೊಟ್ಟ ಅರ್ಜಿ ನಡೆಯುವುದಿಲ್ಲ, ಪ್ರತಿಯೊಬ್ಬರೂ ಬೇರೆ ಬೇರೆ ಕೊಡಬೇಕು ಎಂದರು. ಕೊಟ್ಟೆವು. ಪಹಣಿ, ಬೆಳೆಯ ವಿವರ, ಹಾನಿಯ ಫೋಟೋ, ಕೋವಿ ಪರವಾನಗಿಯ ನಕಲು ಬೇಕೆಂದರು. ಕೋವಿ ಇಲ್ಲದವರ ಅರ್ಜಿ ಅಲ್ಲಿಗೇ ನಿಂತಿತು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದವರ ಅರ್ಜಿಯೂ ನಿಂತಿತು. ಉಳಿದದ್ದಕ್ಕೆ ಸ್ಥಳ ತನಿಖೆಯಾಗಬೇಕಿತ್ತು. ಒಬ್ಬರೇ ಅರಣ್ಯ ರಕ್ಷಕರು ನೋಡಿಕೊಳ್ಳಬೇಕಾದ ಊರುಗಳು ಎಷ್ಟೋ ಇರುವುದರಿಂದ ಅವರು ಬಂದದ್ದು ಗದ್ದೆ ಕೊಯ್ದಾದ ಮೇಲೆ. ಕೊಯ್ದ ಗದ್ದೆಯಲ್ಲಿ ಹಾವಳಿಯ ಗುರುತು ಸಿಗಲಿಲ್ಲ, ಸಿಗಲಿಲ್ಲ ಎಂದೇ ವರದಿಯಲ್ಲಿ ಬರೆದರು. ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಈಗ ಕೋವಿಯ ವಿಷಯಕ್ಕೆ ಬರುತ್ತೇನೆ. 1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆ ಬೇಕಾದ ಕೇಪಿನ ಕೋವಿಯನ್ನು (ನಳಿಕೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ಬಂದೂಕು) ಪ್ರತ್ಯೇಕವಾಗಿ ಹೆಸರಿಸಿದೆ. ನಿಜವಾದ ಬೆಳೆ ರಕ್ಷಣೆಗೆ ಕೇಳಿದರೆ ಪರವಾನಗಿ ಕೊಡಬೇಕು ಎಂಬುದೇ 13ನೇ ಕಲಮಿನ ಒಲವು. ಕಾರ್ಯತಃ ಹೊಸ ಪರವಾನಗಿ ಸಿಕ್ಕವರು ನನ್ನ ಪರಿಚಯದಲ್ಲಿ ಇಲ್ಲವೆಂದೇ ಹೇಳಬೇಕು. ಇರುವ ಕೋವಿಗಳು ಅಪ್ಪನಿಂದಲೋ ಅಜ್ಜನಿಂದಲೋ ಬಂದವು. ವಾರಸುದಾರನಿಗೆ ವರ್ಗಾಯಿಸಲು 2016ರ ಆಯುಧ ನಿಯಮಗಳಲ್ಲಿ ದಾರಿಯಿದ್ದರೂ, ಅಪ್ಪ ತೀರಿಕೊಂಡ ಮೇಲೆ ಠಾಣೆಗೆ ಒಪ್ಪಿಸಿದ ಕೋವಿ ಮಗನ ಕೈಗೆ ಮರಳಲು ತಹಶೀಲ್ದಾರರ ವರದಿ, ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, ತರಬೇತಿಯ ಪ್ರಮಾಣಪತ್ರ ಎಲ್ಲ ಕೂಡಿಬರಬೇಕು. ಪರವಾನಗಿ ಕೊಡುವ ಕಚೇರಿ ಕಾರವಾರದಲ್ಲಿ. ಸಿದ್ದಾಪುರದ ಮೂಲೆಯ ಹಳ್ಳಿಯವನು ಒಂದು ಸಹಿಗಾಗಿ ಘಟ್ಟ ಇಳಿದು ಹೋಗಿ ಬರಲು ಇಡೀ ದಿನ ಬೇಕು. ಇದರಿಂದಾಗಿ ಊರಿನಲ್ಲಿ ಕೋವಿ ಇರುವುದು ಹಿಂದೆ ಅನುಕೂಲವಿದ್ದ ಮನೆಗಳಲ್ಲಿ. ಹಂದಿಯಿಂದ ಹೆಚ್ಚು ಕಳೆದುಕೊಳ್ಳುವುದು ಕಾಡಿನ ಅಂಚಿಗೆ ಅರ್ಧ ಎಕರೆ ಗದ್ದೆ ಮಾಡಿಕೊಂಡಿರುವ, ಎಂದೂ ಕೋವಿ ಕಾಣದ ಮನೆಗಳು. ಗಂಡ ತೀರಿಕೊಂಡು ಒಬ್ಬಳೇ ಬೇಸಾಯ ನೋಡಿಕೊಳ್ಳುವ ಹೆಂಗಸಿಗೆ ಈ ವ್ಯವಸ್ಥೆಯಲ್ಲಿ ಯಾವ ಸ್ಥಾನವೂ ಇಲ್ಲ.

ಚುನಾವಣೆ ಬಂದರೆ ಇದ್ದ ಕೋವಿಯೂ ಠಾಣೆ ಸೇರುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಂದು ಜಾರಿಯಾಯಿತು, ನಮ್ಮ ಜಿಲ್ಲೆಯಲ್ಲಿ ಮತದಾನ ನಡೆದದ್ದು ಮೇ 7ರಂದು, ಎಣಿಕೆ ಜೂನ್ 4ರಂದು. ಆ ಹಿಂದಿನ ವರ್ಷ ವಿಧಾನಸಭೆಯ ಚುನಾವಣೆ ಮೇ 10ರಂದು. ಬೇಸಿಗೆಯ ಬೆಳೆ, ಬಾಳೆ, ಹೊಸದಾಗಿ ನೆಟ್ಟ ಅಡಿಕೆ ಸಸಿ ಇವೆಲ್ಲ ಈ ತಿಂಗಳುಗಳಲ್ಲಿಯೇ ಹಂದಿಯ ಬಾಯಿಗೆ ಬೀಳುವಂಥವು. ಯಾರ ಆಯುಧ ಇರಿಸಿಕೊಳ್ಳಬೇಕು, ಯಾರದ್ದಕ್ಕೆ ವಿನಾಯಿತಿ ಕೊಡಬೇಕು ಎಂದು ಒಂದೊಂದನ್ನೂ ಪರಿಶೀಲಿಸಲು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರುತ್ತದೆ. ಯಾವ ಮೊಕದ್ದಮೆಯೂ ಇಲ್ಲದ, ಮುಪ್ಪಿನ ರೈತನೊಬ್ಬನ ಬೆಳೆ ರಕ್ಷಣೆಯ ಕೋವಿಯಿಂದ ಮತದಾನಕ್ಕೆ ಏನು ಭಂಗವಾದೀತು ಎಂಬುದನ್ನು ಆ ಸಮಿತಿ ನಿಜವಾಗಿ ಪರಿಶೀಲಿಸಿದರೆ ಸಾಕು, ಬೇರೆ ನಿಯಮವೇ ಬೇಕಾಗಿಲ್ಲ.

ಇನ್ನು ಭೂಮಿಯ ಪ್ರಶ್ನೆ. ಈ ಜಿಲ್ಲೆಯ ಭೂಮಿ ಬೇರೆ ಜಿಲ್ಲೆಗಳ ಹಾಗಿಲ್ಲ. ಸುಮಾರು ಐದರಲ್ಲಿ ನಾಲ್ಕು ಪಾಲು ಅರಣ್ಯ. ಅಡಿಕೆ ತೋಟದ ಎಕರೆಗೆ ಒಂಬತ್ತು ಎಕರೆಯಂತೆ ಸೊಪ್ಪಿನ ಬೆಟ್ಟದ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಅರಣ್ಯಭೂಮಿಯ, ಸೌಲಭ್ಯವಿದೆ, ಆದರೆ ಬೆಟ್ಟ ನಮ್ಮ ಹೆಸರಿನ ಆಸ್ತಿಯಲ್ಲ. ಸೊಪ್ಪು ತರಬಹುದು, ದರಕು (ಉದುರಿದ ಒಣ ಎಲೆ) ಗುಡಿಸಬಹುದು. ತೋಟದಲ್ಲಿ ಹಗಲೆಲ್ಲ ಒಂದೇ ಒಂದು ಹಂದಿಯೂ ಇರುವುದಿಲ್ಲ, ಅದು ಮಲಗುವುದು ಬೆಟ್ಟದ ಪೊದೆಯಲ್ಲಿ. ತೋಟದ ಸರ್ವೆ ನಂಬರಿಗೆ ಮಾತ್ರ ಕೊಟ್ಟ ಅನುಮತಿಯನ್ನು ಕೈಯಲ್ಲಿ ಹಿಡಿದವನು ಅಗಳದ ಆಚೆ ನಿಂತ ಹಂದಿಯನ್ನು ನೋಡುತ್ತ ಕೂರಬೇಕು. ಗಾಯಗೊಂಡ ಹಂದಿ ಅಗಳ ದಾಟಿ ಬೆಟ್ಟ ಸೇರಿದರೆ ಅದನ್ನು ಹಿಂಬಾಲಿಸಿ ಕೊಲ್ಲುವುದೂ ಅಪರಾಧವಾದೀತು ಎಂಬ ಭಯದಿಂದ ನರಳುವ ಪ್ರಾಣಿಯನ್ನು ಹಾಗೆಯೇ ಬಿಟ್ಟುಬರುತ್ತಾರೆ. ಮರುದಿನ ಸೊಪ್ಪಿಗೆ ಹೋದವರ ಮೇಲೆ ಅದು ಎರಗುತ್ತದೆ. ಅರಣ್ಯಭೂಮಿಯ ಅತಿಕ್ರಮಣದ ಜಮೀನಿನವರ ಪಾಡು ಇನ್ನೂ ಕಠಿಣ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಮೂರು ತಲೆಮಾರಿನ ದಾಖಲೆ ತರಲಾಗದೆ ಕಾಯುತ್ತಿರುವ ಕುಟುಂಬಗಳು ಈ ಜಿಲ್ಲೆಯ ಪ್ರತಿ ತಾಲೂಕಿನಲ್ಲಿಯೂ ಇವೆ. ಅವರ ಗದ್ದೆಗೂ ಹಂದಿ ಬರುತ್ತದೆ. ಅವರಿಗೆ ಪಹಣಿಯಿಲ್ಲ, ಆದ್ದರಿಂದ ಪರಿಹಾರ ಕೇಳಲೂ ಹಿಂಜರಿಕೆ, ಅನುಮತಿಯ ಮಾತಂತೂ ದೂರ. ಬೆಳೆ ಉಳಿಸಿಕೊಳ್ಳಲು ಕೊಟ್ಟ ಅನುಮತಿಯಿಂದ ಭೂಮಿಯ ಮೇಲೆ ಯಾರಿಗೂ ಹಕ್ಕು ಹುಟ್ಟುವುದಿಲ್ಲ ಎಂದು ಆದೇಶದಲ್ಲಿ ಒಂದು ಸಾಲು ಬರೆದರೆ ಇಲಾಖೆಯ ಆತಂಕವೂ ತೀರುತ್ತದೆ.

ಅನುಮತಿಯ ದಾರಿ ಇಷ್ಟು ಇಕ್ಕಟ್ಟಾದಾಗ ಜನ ಬೇರೆ ದಾರಿ ಹಿಡಿಯುತ್ತಾರೆ, ಆ ದಾರಿ ಯಾವುದೆಂದು ಮಲೆನಾಡಿನವರಿಗೆಲ್ಲ ಗೊತ್ತು. ಉರುಳು, ವಿದ್ಯುತ್ ಹರಿಸಿದ ತಂತಿ, ಸಿಡಿಮದ್ದು. ತಿನಿಸಿನಲ್ಲಿ ಸುತ್ತಿಟ್ಟ ಸಿಡಿಮದ್ದಿಗೆ ಹಂದಿ ಯಾವುದು, ದನ ಯಾವುದು ಎಂಬ ಭೇದವಿಲ್ಲ. ಪಕ್ಕದ ಊರಿನಲ್ಲಿ ಬೆಟ್ಟಕ್ಕೆ ಮೇಯಲು ಹೋಗಿದ್ದ ಗಬ್ಬದ ಆಕಳೊಂದು ಸಂಜೆ ತಾನಾಗಿಯೇ ಕೊಟ್ಟಿಗೆಗೆ ನಡೆದುಬಂದದ್ದನ್ನು ನಾನು ನೋಡಿದ್ದೇನೆ. ಕೆಳದವಡೆ ಒಡೆದು ಜೋತಿತ್ತು, ನಾಲಿಗೆ ಅರ್ಧ ಹರಿದಿತ್ತು. ಬಾಯಾರಿ ನೀರಿನ ಬಾನಿಗೆ ಮೂತಿ ಇಡುತ್ತಿತ್ತು, ಎಳೆದುಕೊಳ್ಳಲಾಗದೆ ತಲೆ ಎತ್ತುತ್ತಿತ್ತು, ಮತ್ತೆ ಇಡುತ್ತಿತ್ತು. ಬಾನಿಯ ನೀರೆಲ್ಲ ಕೆಂಪಾಗಿತ್ತು. ಪಶುವೈದ್ಯರು ಬಂದು ನೋಡಿ, ಮಾಡುವಂಥದ್ದೇನೂ ಉಳಿದಿಲ್ಲ ಎಂದರು. ಸಿಡಿಮದ್ದು ಇಟ್ಟವನು ಯಾರೆಂದು ಗೊತ್ತಾಗಲಿಲ್ಲ. ಅವನನ್ನು ನಾನು ಸಮರ್ಥಿಸುವುದಿಲ್ಲ, ಸಿಕ್ಕಿದ್ದರೆ ಶಿಕ್ಷೆಯಾಗಬೇಕಿತ್ತು. ಆದರೆ ಕಾನೂನಿನ ಪ್ರಕಾರ ಕೇಳಿದವನಿಗೆ ಕೊಯ್ಲು ಮುಗಿದ ಮೇಲೆ ಉತ್ತರ, ಕೇಳದೆ ಸಿಡಿಮದ್ದು ಇಟ್ಟವನಿಗೆ ಆ ರಾತ್ರಿಯೇ ಫಲ ಎಂಬಂತಿರುವ ವ್ಯವಸ್ಥೆ ಜನರನ್ನು ಯಾವ ಕಡೆಗೆ ತಳ್ಳುತ್ತದೆ ಎಂಬುದನ್ನು ಸರ್ಕಾರ ಯೋಚಿಸಲೇಬೇಕು. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ. ಹಂದಿಗೆಂದು ಎಳೆದ ತಂತಿಗೆ ನಸುಕಿನಲ್ಲಿ ಗದ್ದೆಗೆ ಹೋದ ರೈತ ಬಲಿಯಾಗುತ್ತಾನೆ.

ಇದರ ಇನ್ನೊಂದು ಮಗ್ಗುಲನ್ನೂ ಮುಚ್ಚಿಡದೆ ಹೇಳಬೇಕು. ಬೆಳೆ ರಕ್ಷಣೆಯ ಹೆಸರಿನಲ್ಲಿ ಮೋಜಿನ ಶಿಕಾರಿ ನಡೆಯುತ್ತದೆ. ಹೊರಗಿನವರು ರಾತ್ರಿ ಜೀಪಿನಲ್ಲಿ ಬಂದು, ತಲೆಗೆ ಬ್ಯಾಟರಿ ಕಟ್ಟಿಕೊಂಡು, ಯಾರದೋ ತೋಟದ ದಾರಿಯಲ್ಲಿ ಬೆಟ್ಟ ಹತ್ತುತ್ತಾರೆ. ಅವರಿಗೆ ಹಂದಿಯೂ ಆಗುತ್ತದೆ, ಕಡವೆಯೂ ಆಗುತ್ತದೆ. ಅನುಮತಿಯನ್ನು ಸಡಿಲಗೊಳಿಸಿದರೆ ಇವರಿಗೇ ಲಾಭ ಎಂಬ ವನ್ಯಜೀವಿ ಕಾರ್ಯಕರ್ತರ ಭಯ ನನಗೆ ಅರ್ಥವಾಗುತ್ತದೆ ಮತ್ತು ಅದನ್ನು ನಾನು ಗೌರವಿಸುತ್ತೇನೆ. ನನ್ನ ಅನುಭವ ಹೇಳುವುದು ಮಾತ್ರ ಬೇರೆ. ಯಾವ ಊರಿನಲ್ಲಿ ಯಾರಿಗೆ ಅನುಮತಿಯಿದೆ ಎಂಬುದು ಊರಿಗೇ ಗೊತ್ತಿಲ್ಲದಿರುವುದರಿಂದ ರಾತ್ರಿ ಈಡಿನ ಸದ್ದು ಕೇಳಿದರೂ ಯಾರೂ ಪ್ರಶ್ನಿಸುವುದಿಲ್ಲ. ಯಾರೋ ಹಂದಿ ಹೊಡೆದಿರಬೇಕು ಎಂದು ಮಗ್ಗುಲಾಗುತ್ತಾರೆ. ಹೆಸರುಗಳು ಪಂಚಾಯತಿಯ ಸೂಚನಾ ಫಲಕದಲ್ಲಿದ್ದರೆ ಆ ಹೆಸರುಗಳಾಚೆಯ ಪ್ರತಿ ಈಡನ್ನೂ ಊರವರೇ ಪ್ರಶ್ನಿಸುತ್ತಾರೆ. ಹಂದಿಯೆಂದು ಭ್ರಮಿಸಿ ಮನುಷ್ಯನಿಗೆ ಗುಂಡು ಹೊಡೆದ ದುರಂತಗಳು ಮಲೆನಾಡಿನಲ್ಲಿ ಆಗಿಹೋಗಿವೆ. ಕದ್ದು ಮಾಡುವ ಕೆಲಸದಲ್ಲಿ ಯಾರೂ ಯಾರಿಗೂ ಮುನ್ಸೂಚನೆ ಕೊಡುವುದಿಲ್ಲವೆಂಬುದೇ ಅಂತಹ ಸಾವುಗಳಿಗೆ ಮುಖ್ಯ ಕಾರಣ.

62ನೇ ಕಲಮಿನ ಪ್ರಕಾರ ಕಾಡುಹಂದಿಯನ್ನು ಉಪದ್ರವಿ ಪ್ರಾಣಿಯೆಂದು ಘೋಷಿಸಲು ಕೇಂದ್ರಕ್ಕೆ ಶಿಫಾರಸು ಮಾಡಿ ಎಂಬ ಬೇಡಿಕೆ ರೈತರ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಬಿಹಾರ, ಉತ್ತರಾಖಂಡಗಳಲ್ಲಿ ಅಂತಹ ಘೋಷಣೆ ಆಗಿತ್ತು. ನಾನು ಆ ಬೇಡಿಕೆಯನ್ನು ಬೆಂಬಲಿಸುವುದಿಲ್ಲ. ಘೋಷಣೆಯಾದ ಪ್ರದೇಶದಲ್ಲಿ ಹಂದಿಗೆ ಕಾಯ್ದೆಯ ರಕ್ಷಣೆಯೇ ಇಲ್ಲವಾಗುತ್ತದೆ. ಯಾರು ಕೊಂದರು, ಎಷ್ಟು ಕೊಂದರು ಎಂಬ ಲೆಕ್ಕ ಯಾರೂ ಕೊಡಬೇಕಾಗಿಲ್ಲ. ನಮ್ಮಂತಹ ಕಾಡಿನ ಜಿಲ್ಲೆಯಲ್ಲಿ, ಹುಲಿ ಚಿರತೆಗಳಿಗೆ ಹಂದಿಯೂ ಆಹಾರವಾಗಿರುವಲ್ಲಿ, ಅದು ಜೀಪಿನವರಿಗೆ ಕೊಟ್ಟ ರಹದಾರಿಯಾಗುತ್ತದೆ. ಪಕ್ಕದ ಕೇರಳದವರು ಘೋಷಣೆಗಾಗಿ ಕೇಂದ್ರವನ್ನು ಕೇಳಿ ಅದು ದೊರೆಯದಾದಾಗ, 2022ರಲ್ಲಿ 11ನೇ ಕಲಮಿನ ಒಳಗೇ ದಾರಿ ಹುಡುಕಿದರು. ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಪರವಾನಗಿಯುಳ್ಳ ಕೋವಿಯವರಿಂದ ಹಂದಿ ಹೊಡೆಸುವ ಅಧಿಕಾರ ನೀಡಿದರು; ವಿಷ, ಸ್ಫೋಟಕ, ವಿದ್ಯುತ್ತು ಬಳಸಕೂಡದೆಂದು ಕಟ್ಟು ಹಾಕಿದರು. ಅದನ್ನು ಹಾಗೆಯೇ ನಕಲು ಮಾಡಿ ಎಂದು ನಾನು ಹೇಳಲಾರೆ. ಪಂಚಾಯತಿಯ ಅಧ್ಯಕ್ಷರ ಕೈಗೆ ಪೂರ್ತಿ ಅಧಿಕಾರ ಹೋದರೆ ಪಕ್ಷ, ಬಣಗಳ ಲೆಕ್ಕದಲ್ಲಿ ಅನುಮತಿ ಹಂಚಿಕೆಯಾಗುವ ಅಪಾಯ ನಮ್ಮಲ್ಲಿ ಇದ್ದೇ ಇದೆ. ಆದರೆ ತೀರ್ಮಾನ ಗದ್ದೆಗೆ ಹತ್ತಿರ ಬರಬೇಕು ಎಂಬ ಅದರ ತತ್ವ ಸರಿಯಾದದ್ದು.

ಆದ್ದರಿಂದ ನನ್ನ ವಿನಂತಿ ಹೀಗಿದೆ. ಕಾಡುಹಂದಿಯ ಮಟ್ಟಿಗೆ 11(1)(ಬಿ) ಅಧಿಕಾರವನ್ನು ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಅಭಯಾರಣ್ಯಗಳ ಹೊರಗಿನ ಊರುಗಳಿಗೆ ಸಂಬಂಧಿಸಿದಂತೆ ವಲಯ ಅರಣ್ಯಾಧಿಕಾರಿಗಳಿಗೆ ವಹಿಸಿಕೊಡಬೇಕು. ಅರ್ಜಿ ಬಂದ ಎರಡು ಮೂರು ದಿನಗಳೊಳಗೆ ಸ್ಥಳ ನೋಡಿ ತೀರ್ಮಾನ ಬರೆಯಬೇಕು, ನಿರಾಕರಿಸಿದರೆ ಕಾರಣವನ್ನೂ ಬರೆದುಕೊಡಬೇಕು. ಅನುಮತಿಯನ್ನು ಒಬ್ಬೊಬ್ಬ ಕೋವಿದಾರನಿಗೆ ಅವನ ಸರ್ವೆ ನಂಬರಿಗೆ ಎಂದು ಕೊಡುವ ಬದಲು, ಕಲಮು ಹೇಳುವಂತೆ ಪ್ರದೇಶಕ್ಕೆ ಕೊಡಬೇಕು: ಒಂದು ಊರು, ಅದರ ಗದ್ದೆ ತೋಟ, ಅವಕ್ಕೆ ತಾಗಿದ ಬೆಟ್ಟದ ಅಂಚು, ತೆನೆ ಮೂಡಿದಲ್ಲಿಂದ ಕೊಯ್ಲು ಮುಗಿಯುವ ತನಕ. ಹೊಡೆಯುವವರು ಅದೇ ಊರಿನ ಅಥವಾ ಪಕ್ಕದ ಊರಿನ, ಪರವಾನಗಿಯುಳ್ಳ, ಇಲಾಖೆಯಿಂದ ತರಬೇತಿ ಪಡೆದವರಾಗಿರಲಿ. ಅವರ ಹೆಸರು ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆಯಾಗಲಿ, ಪೊಲೀಸ್ ಠಾಣೆಯಲ್ಲಿಯೂ ಪಂಚಾಯತಿಯ ಫಲಕದಲ್ಲಿಯೂ ಇರಲಿ. ಕೋವಿ ಇಲ್ಲದ, ಪಹಣಿ ಇಲ್ಲದ ಮನೆಯ ಗದ್ದೆಗೂ ಅವರು ಹೋಗಬೇಕು, ಕರೆದಾಗ ಹೋಗುವುದು ಅವರ ಹೊಣೆಯೆಂದು ಆದೇಶದಲ್ಲಿರಬೇಕು. ಮರಿಗಳೊಂದಿಗಿರುವ ಹೆಣ್ಣನ್ನು ಹೊಡೆಯಕೂಡದೆಂಬ ಕಟ್ಟಳೆ ಹಾಕಿದರೆ ನಾವು ಒಪ್ಪುತ್ತೇವೆ.

ಸತ್ತ ಹಂದಿ ಕಾಯ್ದೆಯ 39ನೇ ಕಲಮಿನಂತೆ ಸರ್ಕಾರದ ಸ್ವತ್ತು. ಅದನ್ನು ಪಂಚನಾಮೆ ಮಾಡಿ ಹೂಳಬೇಕು, ಮಾಂಸ ಯಾರ ಮನೆಗೂ ಹೋಗಕೂಡದು. ಇದು ಊರಿನಲ್ಲಿ ಕೆಲವರಿಗೆ ಹಿಡಿಸುವುದಿಲ್ಲವೆಂದು ನನಗೆ ಗೊತ್ತಿದೆ. ಆದರೂ ಮಾಂಸದ ಆಸೆ ಸೇರಿಕೊಂಡ ದಿನ ಬೆಳೆ ರಕ್ಷಣೆ ಹಿಂದೆ ಬಿದ್ದು ಬೇಟೆ ಮುಂದೆ ಬರುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಅನುಮತಿ ಸಿಕ್ಕಿತು, ಎಷ್ಟು ಹಂದಿ ಸತ್ತವು ಎಂಬ ಲೆಕ್ಕವನ್ನು ವಲಯವಾರು ಪ್ರತಿ ವರ್ಷ ಪ್ರಕಟಿಸಬೇಕು. ಒಂದು ಊರಿನಲ್ಲಿ ಅತಿಯಾಯಿತೆಂದು ಕಂಡರೆ ಮರು ವರ್ಷ ಅನುಮತಿ ನಿಲ್ಲಿಸಲು ಇಲಾಖೆಗೆ ಆಧಾರವಿರುತ್ತದೆ.

ಕೋವಿ ವರ್ಗಾವಣೆಯ ಅರ್ಜಿಗಳನ್ನು ತಾಲೂಕು ಕೇಂದ್ರಗಳಲ್ಲಿಯೇ ವರ್ಷಕ್ಕೆ ಒಮ್ಮೆಯಾದರೂ ಶಿಬಿರ ನಡೆಸಿ ಇತ್ಯರ್ಥ ಮಾಡುವಂತೆಯೂ, ಚುನಾವಣೆಯ ಕಾಲದಲ್ಲಿ ಬೆಳೆ ರಕ್ಷಣೆಯ ಕೋವಿಗಳನ್ನು ಪರಿಶೀಲನಾ ಸಮಿತಿಯ ಮುಂದೆ ಪ್ರತ್ಯೇಕ ಪಟ್ಟಿಯಾಗಿ ಇಡುವಂತೆಯೂ ಗೃಹ ಇಲಾಖೆ ಮತ್ತು ಜಿಲ್ಲಾಡಳಿತಗಳಿಗೆ ತಾವು ಬರೆಯಬೇಕು. ಅದು ತಮ್ಮ ಇಲಾಖೆಯ ಅಧಿಕಾರವಲ್ಲವಾದರೂ ತಮ್ಮ ಪತ್ರಕ್ಕೆ ನಮ್ಮ ಅರ್ಜಿಗಿಲ್ಲದ ತೂಕವಿದೆ. ಪರಿಹಾರದ ಯೋಜನೆಯನ್ನು ಅನುಮತಿಗೆ ಪರ್ಯಾಯವೆಂದು ಎಣಿಸದೆ ಎರಡನ್ನೂ ಜೊತೆಗೆ ನಡೆಸಬೇಕು. ಸಿಡಿಮದ್ದು ಮಾಡುವ, ಮಾರುವ ಜಾಲವನ್ನು ಹುಡುಕಲು ಪೊಲೀಸರೊಡನೆ ಕೂಡಿ ಕಾರ್ಯಾಚರಣೆ ನಡೆಸಬೇಕು. ಅದಕ್ಕೆ ಬೇಕಾದ ಮಾಹಿತಿ ಕೊಡಲು, ಕಾನೂನಿನ ದಾರಿ ತೆರೆದಿದೆಯೆಂದು ಕಂಡ ದಿನ, ಊರವರು ಮುಂದೆ ಬರುತ್ತಾರೆ.

ಈ ಸಾಲಿನ ಭತ್ತ ತೆನೆಗಟ್ಟುವ ಮೊದಲು, ಪ್ರಾಯೋಗಿಕವಾಗಿಯಾದರೂ, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕೆಲವು ಪಂಚಾಯತಿಗಳಲ್ಲಿ ಇದನ್ನು ಜಾರಿಗೆ ತರುವಂತೆ ಆದೇಶ ಹೊರಡಿಸಬೇಕೆಂದೂ, ಕರಡು ಸಿದ್ಧವಾಗುವ ಮುನ್ನ ಜಿಲ್ಲೆಯ ರೈತರನ್ನು, ಅರಣ್ಯ ಸಿಬ್ಬಂದಿಯನ್ನು ಮತ್ತು ವನ್ಯಜೀವಿ ತಜ್ಞರನ್ನು ಶಿರಸಿಯಲ್ಲಿಯೋ ಕಾರವಾರದಲ್ಲಿಯೋ ಒಂದೆಡೆ ಕರೆದು ಅಭಿಪ್ರಾಯ ಕೇಳಬೇಕೆಂದೂ ಗೌರವಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಿರಸಿ ತಾಲೂಕಿನ ಒಬ್ಬ ಕೃಷಿಕ